ಒಂದು ಬಾತು ಅಂದ್ರೆ ಎಷ್ಟು?

ನಮ್ಮಪ್ಪನಾಣೆ ಇದು ನಡೆದದ್ದೇ, ಸುಳ್ಳಾದ್ರೆ ಈ ಗಿರಿಜಾ ಮೀಸೆ ಬೋಳಿಸ್ಕೋತೀನಿ. ಮೂರು ದೇಶದ ಮೂರು ಕೆರೆಯೋರು ಕೂಡಿ ಏನಾದ್ರೂ ಸಂಶೋಧನೆ ಮಾಡೋಣ ಅಂತ ಒಂದು ಬಂಡೆ ಮೇಲೆ ಸಭೆ ಸೇರಿದ್ರು. ಹಕ್ಕಿಗಳ ಎಣಿಕೆ ನೋಡಿ ಗರುಡರಾಜ ಕೆರೆಕೆರೆಗೂ ಕಾಳು ಹಂಚೋನು. ಆಮೆ ಮಲ್ಲಜ್ಜ ತನ್ನ ಕೆರೆ ಹಕ್ಕಿಗಳ ತಲೆ ಎಣಿಸೋನು, ಕೊಕ್ಕರೆ ತನ್ನ ಕೆರೆಯವುಗಳ ಕಾಲು ಎಣಿಸಿ ಅರ್ಧ ಮಾಡೋಳು, ಕಪ್ಪೆ ತನ್ನ ಕೆರೆಯವುಗಳ ಕೂಗು ಎಣಿಸೋನು. ವರ್ಷವರ್ಷವೂ ಮಲ್ಲಜ್ಜನ ಕೆರೆಗೇ ಕಾಳು ಕಮ್ಮಿ. ಅವನ ಬಾತುಮರಿಗಳು ಸೊರಗಿಹೋಗಿದ್ವು.

"ಮೊದಲು ಯಾವುದನ್ನ ಸಂಶೋಧನೆ ಮಾಡೋಣ?" ಅಂತ ಆಮೆ ಕೇಳಿದ.

"ಮೀನಿನ ಸಂತಾನ!" ಅಂದ್ಳು ಕೊಕ್ಕರೆ.

"ಮೋಡದ ಲೆಕ್ಕ ಕಣಮ್ಮೋ!" ಅಂದ ಕಪ್ಪೆ.

"ನನ್ನ ಮರಿಗಳು ಹಸಿದವೆ," ಅಂದ ಆಮೆಯ ಮಾತು ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೂರು ದೇಶಕ್ಕೂ ಹಾರಿ ಬರೋ ಹೆಬ್ಬಾತು ನಕ್ಕು, "ದೊಡ್ಡೋರೇ, ಮೊದಲು ನನ್ನೊಬ್ಬಳನ್ನ ಎಣಿಸಿ," ಅಂದ್ಳು. ದಡದಲ್ಲಿ ಒಂಟಿ ಕಾಲಲ್ಲಿ ನಿಂತು, ನಾಲ್ಕು ಸಲ ಕೂಗಿ, ತಲೆ ನೀರಿಗೆ ಅದ್ದಿದ್ಳು.

"ಅರ್ಧ," ಅಂದ್ಳು ಕೊಕ್ಕರೆ.

"ನಾಲ್ಕು!" ಅಂದ ಕಪ್ಪೆ.

"ಸೊನ್ನೆ," ಅಂದ ಮಲ್ಲಜ್ಜ, ಅಂದೋನೇ ಬೆಚ್ಚಿದ. "ಅಯ್ಯಯ್ಯೋ, ನನ್ನ ಬಾತುಗಳು ಮೇಯೋದೇ ತಲೆ ಮುಳುಗಿಸ್ಕೊಂಡು!"

"ಅಂಗಾರೆ ನಾನು ನಾಲ್ಕರಷ್ಟು ಕಾಳು ತಿಂದೆನಲ್ಲೋ ಮಲ್ಲಜ್ಜ!" ಅಂತ ಕಪ್ಪೆ ಬಿದ್ದುಬಿದ್ದು ನಕ್ಕ. ಎಲ್ಲರೂ ನಕ್ಕರು. ಒಂದು ಬಾತನ್ನ ಮೂರು ದೇಶದಲ್ಲೂ ಒಂದೇ ಅಂತ ಎಣಿಸೋದು ಹೆಂಗೆ ಅನ್ನೋದನ್ನೇ ಮೊದಲು ಕಲಿಯೋಣ ಅಂತ ಅವತ್ತು ಸಂಜೆಗೇ ಒಪ್ಪಿದ್ರು. ಮುಂದಿನ ಸುಗ್ಗಿಗೆ ಆಮೆಯ ಬಾತುಮರಿಗಳ ಹೊಟ್ಟೆ ಗುಂಡಗಾಯ್ತು.

ಈ ಸಭೆ ಒಂದು ದಿನಕ್ಕೆ ಮುಗಿಯೋದೇ ಇಲ್ಲ ಅಂತ ಆ ಬಂಡೆ ಸಂದಿನ ಏಡಿ ಹತ್ರ ಪಂಥ ಕಟ್ಟಿ ನಾನು ಸೋತದ್ದು ಮೂವತ್ತೇಳು ರೂಪಾಯಿ ಐವತ್ತು ಪೈಸೆ.