ಸವತಿಗೆರೆಯ ಸವತಿ

ಜಾಲಿಮರಡಿಯಿಂದ ಪಡುವಣಕ್ಕೆ ಅರ್ಧ ಹರದಾರಿ ನಡೆದರೆ ಸವತಿಗೆರೆ ಸಿಗುತ್ತದೆ. ಒಂದು ಕಡೆ ಏರಿ, ಉಳಿದ ಕಡೆಯೆಲ್ಲ ಕಡಿದಾದ ಬಂಡೆ. ನೀರಿಗಿಳಿಯಲು ಇರುವುದು ಎರಡೇ ದಾರಿ. ಏರಿಯ ಬದಿಯಲ್ಲಿ ಕಮಲದ ಹೂ ಕೊರೆದ ಕಲ್ಲಿನ ಸೋಪಾನವಿದೆ. ಎದುರು ದಂಡೆಯಲ್ಲಿ ಎರಡು ಬಂಡೆಗಳ ನಡುವೆ ಮಣ್ಣಿನ ಇಳಿಜಾರು, ಅದನ್ನು ಗಂಡಿ ಎನ್ನುತ್ತಾರೆ. ಹೆಸರು ಕೇಳಿದ ಕೂಡಲೇ ಪರ ಊರಿನವರು ಯಾವನೋ ಪಾಳೆಯಗಾರನನ್ನೂ ಅವನ ಇಬ್ಬರು ಹೆಂಡಿರನ್ನೂ ನೆನೆಯುತ್ತಾರೆ, ಕಿರಿಯವಳು ಕೆರೆಗೆ ಹಾರವಾದಳೆಂದು ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಅದೆಲ್ಲ ಸುಳ್ಳು. ನಾನು ಪಕ್ಕದ ಹೊಸಕೋಡಿಯವನು. ನಮ್ಮೂರ ಕೆರೆ ಇದರ ಎರಡರಷ್ಟಿದೆ, ನೀರೂ ಸಿಹಿ, ಆದರೂ ದೊಡ್ಡಕೆರೆ ಎಂಬ ಬೋಳು ಹೆಸರಿನ ಹೊರತು ಅದಕ್ಕೆ ಇನ್ನೊಂದು ಗತಿಯಿಲ್ಲ. ಈ ಕೆರೆಯ ಕಥೆ ಹೇಳುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಅದನ್ನು ಮುಚ್ಚಿಡುವವನು ನಾನಲ್ಲ.

ಹಿಂದೆ ಒಮ್ಮೆ ಈ ಕೆರೆಗೆ ಒಂದು ಕಟ್ಟುಪಾಡಿತ್ತು. ಸೋಪಾನ ಊರೊಳಗಿನವರಿಗೆ, ಗಂಡಿ ಎಮ್ಮೆಗಳಿಗೆ. ಹೊರಗೇರಿಯ ಜನರಿಗೆ ಎರಡೂ ಇಲ್ಲ. ಅವರು ಏರಿಯ ಮೇಲಿನ ಚಪ್ಪಟೆ ಬಂಡೆಯ ಮೇಲೆ ಬರಿಗೊಡ ಇಟ್ಟುಕೊಂಡು ಕೂರಬೇಕು. ಊರೊಳಗಿನ ಯಾವಳಾದರೂ ಮನಸ್ಸು ಬಂದರೆ ಮೇಲಿನಿಂದ, ಕೊಡಕ್ಕೆ ಕೊಡ ತಾಗದಂತೆ, ಒಂದಿಷ್ಟು ಸುರಿದು ಹೋಗುವಳು. ಮನಸ್ಸು ಬಾರದ ದಿನ ನೀರಿಲ್ಲ. ಆ ಕೇರಿಯ ಮೂಡಲಕ್ಕ ಎಂಬವಳು ಊರ ಗೌಡನ ಎಮ್ಮೆಗಳನ್ನು ಮೇಯಿಸುತ್ತಿದ್ದಳು. ಎಮ್ಮೆಗಳನ್ನು ಗಂಡಿಯವರೆಗೆ ಹೊಡೆದು, ಅವು ನೀರಿಗಿಳಿದ ಮೇಲೆ ತಾನು ಬಿಸಿಲಲ್ಲಿ ದಂಡೆಯ ಮೇಲೇ ನಿಲ್ಲುವುದು ಅವಳ ಕೆಲಸ. ಸೋಪಾನ ಇಳಿಯುವ ಹೆಂಗಸರನ್ನು ಕಂಡು ಅವಳು ಕರುಬಲಿಲ್ಲವಂತೆ. ಅವಳ ಕರುಬೆಲ್ಲ ಗೌಡನ ಮನೆಯ ಗೌರಿ ಎಂಬ ಎಮ್ಮೆಯ ಮೇಲೆ. ಗೌರಿ ಕತ್ತಿನವರೆಗೂ ನೀರಲ್ಲಿ ಮುಳುಗಿ, ಕಣ್ಣು ಅರೆಮುಚ್ಚಿ, ಮೆಲುಕು ಹಾಕುತ್ತ ಮಲಗಿದರೆ ಮೂಡಲಕ್ಕನ ಮೈಯೆಲ್ಲ ಉರಿಯುತ್ತಿತ್ತು. ಅವಳು ಆ ಎಮ್ಮೆಯನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏನೇ ಸವತಿ, ನಿನ್ನ ಒಳೀಕೆ ಕರ್ಕಂತಾನೆ ಈ ಕೆರೆಯಪ್ಪ. ನನ್ನ ಮಾತ್ರ ಬಾಗ್ಲಾಗೇ ನಿಲ್ಸವ್ನೆ. ನಾನೇನು ನಿನಗಿಂತ ಕಪ್ಪಗಿವ್ನೇನೆ?” ಎಂದು ದಂಡೆಯ ಮೇಲಿಂದ ಬೈಯುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಕೆರೆಗೆ ಹೆಸರು ಹತ್ತಿದ್ದು ಆ ನಗೆಯಿಂದಲೇ.

ಒಂದು ಬೇಸಗೆಯಲ್ಲಿ ಅವಳ ಮಗಳು ನಿಂಗಿ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕೂಸು ಚೆನ್ನಾಗಿತ್ತು, ಬಾಣಂತಿಗೆ ಜ್ವರ ಏರಿತು. ಗುಡಿಸಲಲ್ಲಿ ತೊಟ್ಟು ನೀರಿಲ್ಲ. ಮೂಡಲಕ್ಕ ಬಂಡೆಯ ಮೇಲೆ ಕೊಡವಿಟ್ಟು ಕೂತಳು. ಅಂದು ಊರೊಳಗೆ ಏನೋ ಹಬ್ಬ. ಹೆಂಗಸರೆಲ್ಲ ಮಡಿಯಲ್ಲಿದ್ದರು, ಹೊರಗೇರಿಯವಳ ಕೊಡದತ್ತ ತಿರುಗಿಯೂ ನೋಡಲಿಲ್ಲ. ಹೊತ್ತು ನೆತ್ತಿಗೇರಿತು. ಎದುರು ದಂಡೆಯಲ್ಲಿ ಗೌರಿ, ಹೊಡೆಯುವವರಿಲ್ಲದಿದ್ದರೂ, ಎಂದಿನಂತೆ ಗಂಡಿಯಲ್ಲಿ ಇಳಿದು, ನೀರು ಕುಡಿದು, ಕುಡಿದ ನೀರಿಗೇ ಗಂಜಳ ಹೊಯ್ದು ಹಾಯಾಗಿ ಮಲಗಿತು. ಅಷ್ಟು ದಿನ ಮಾತಿನಲ್ಲಿದ್ದ ಕಿಚ್ಚು ಆಗ ಕಾಲಿಗಿಳಿಯಿತು. ಮೂಡಲಕ್ಕ ಎದ್ದು ಕೆರೆಯನ್ನು ಬಳಸಿ ಬಂದು, ಗಂಡಿಯಲ್ಲಿ ಇಳಿದು, ಗೌರಿಯ ಪಕ್ಕದಲ್ಲೇ ಮೊಳಕಾಲುದ್ದ ನೀರಿನಲ್ಲಿ ನಿಂತು ಕೊಡ ಅದ್ದಿದಳು.

ಸೋಪಾನದ ಮೇಲೆ ಹುಯಿಲೆದ್ದಿತು. ಗೌಡ ಓಡಿ ಬಂದ. “ಲೇ ಮೂಡ್ಲಿ, ಮೇಲಕ್ಕೆ ಬಾರೇ! ಕೆರೆಯೆಲ್ಲ ಮೈಲಿಗೆ ಮಾಡಿದ್ಯಲ್ಲೇ!”

“ಇವಳು ಗಂಜಳ ಹುಯ್ದಾಗ ಆಗದ ಮೈಲಿಗೆ, ನಾನು ಕೊಡ ಅದ್ದಿದ್ದಕ್ಕೆ ಆಯ್ತಾ ಬುದ್ಧಿ?” ಎಂದು ಕೇಳಿ ಅವಳು ತುಂಬಿದ ಕೊಡ ಹೊತ್ತು ನಡೆದಳು. ನಿಂಗಿ ನೀರು ಕುಡಿದಳು.

ಊರೊಳಗಿನವರು ಸೇರಿ ಗಂಡಿಗೆ ಜಾಲಿಮುಳ್ಳಿನ ಬೇಲಿ ಹಾಕಿಸಿದರು, ಬಂಡೆಯ ಮೇಲೆ ನೀರು ಸುರಿಯುವುದನ್ನೂ ನಿಲ್ಲಿಸಿದರು. ಹೊರಗೇರಿಯವರು ಹಳ್ಳದ ಮರಳಿನಲ್ಲಿ ಒರತೆ ತೋಡಿ ಸವಳು ನೀರು ಕುಡಿದರು. ಆದರೆ ಬೆಳಗಾದರೆ ಕೇರಿಯ ಹೆಂಗಸರೆಲ್ಲ ಬರಿಗೊಡ ಹಿಡಿದು ಬೇಲಿಯ ಮುಂದೆ ಕೂರುತ್ತಿದ್ದರು. ಬೈಗುಳವಿಲ್ಲ, ಅಳುವಿಲ್ಲ. ಗೌಡನ ದೊಣ್ಣೆಯವರು ಬಂದು ಕೊಡಗಳನ್ನು ಒಡೆದರೆ ಮರುದಿನ ಒಡೆದ ಬೋಕಿಗಳನ್ನೇ ಹಿಡಿದು ಬಂದು ಕೂತರು. ಅವರ ಗಂಡಸರು ಊರೊಳಗಿನ ಒಂದು ದನವನ್ನೂ ಮೇಯಿಸಲಿಲ್ಲ, ಒಂದು ಕೊಟ್ಟಿಗೆಯನ್ನೂ ಗುಡಿಸಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದೇ? ಜನರಿಗೆಂದು ಹಾಕಿದ ಬೇಲಿ ಎಮ್ಮೆಗಳಿಗೂ ಬೇಲಿಯಾಯಿತೆಂಬುದು ಊರೊಳಗಿನವರಿಗೆ ತಡವಾಗಿ ಹೊಳೆಯಿತು. ಮುಳುಗಲು ನೀರಿಲ್ಲದೆ ಎಮ್ಮೆಗಳು ಒಂದೊಂದಾಗಿ ಹಾಲು ಕೊಡುವುದನ್ನು ನಿಲ್ಲಿಸಿದವು. ಗೌಡ ಗೌರಿಯನ್ನು ಸೋಪಾನದಿಂದ ಇಳಿಸಲು ನೋಡಿದ. ಅದು ಕಮಲದ ಹೂವಿನ ಮೇಲೆ ಸೆಗಣಿ ಹಾಕಿ, ಕಾಲು ಜಾರಿ, ಪೂಜಾರಿಯನ್ನೂ ಕೆಡವಿಕೊಂಡು ನೀರಿಗೆ ಬಿತ್ತೆಂದು ಜಾಲಿಮರಡಿಯವರು ಈಗಲೂ ನಗುತ್ತ ಹೇಳುತ್ತಾರೆ.

ಕೊನೆಗೆ ಗೌಡ ಬೇಲಿಯ ಬಳಿ ಬಂದು ನಿಂತ. “ಮುಳ್ಳು ತೆಗೆಸ್ತೀನಿ. ಎಮ್ಮೆ ಬಾಲ ಹಿಡ್ಕಂಡು, ಅದರ ಹಿಂದೆ ಇಳಿದು ನೀರು ತಗಳ್ಳಿ. ಎಮ್ಮೆ ತೊಳೆಯೋಕೆ ಬಂದವ್ರೆ ಅನ್ಕಂತೀವಿ. ಆಯ್ತಾ?”

ಮೂಡಲಕ್ಕ ಜೀವಮಾನವೆಲ್ಲ ಕರುಬಿದ್ದು ಅದಕ್ಕೇ ಅಲ್ಲವೇ, ಎಮ್ಮೆಗಿದ್ದ ಭಾಗ್ಯಕ್ಕೆ? ಅದು ಈಗ ಕೈಗೇ ಬಂದಿತ್ತು. ಮನೆಯಲ್ಲಿ ಬಾಣಂತಿ ಸವಳು ನೀರು ಕುಡಿದು ಸೊರಗಿದ್ದಳು. ಕೇರಿಯ ಹೆಂಗಸರು ಅವಳ ಮುಖ ನೋಡಿದರು.

“ಹಿಂದೆ ಆಗಾಕಿಲ್ಲ ಬುದ್ಧಿ,” ಎಂದಳು. “ಅವಳಿಳಿದ ಮ್ಯಾಲೆ ನೀರು ಬಗ್ಗಡ ಆಯ್ತದೆ. ಮೊದ್ಲು ನಾವು. ಆಮ್ಯಾಕೆ ಎಮ್ಮೆ.”

ಹಾಗೆಂದು ಅವಳು ಯಾರ ಅಪ್ಪಣೆಗೂ ಕಾಯದೆ ಬರಿಗೈಯಿಂದಲೇ ಮುಳ್ಳು ಎಳೆಯತೊಡಗಿದಳು. ಹೆಂಗಸರೆಲ್ಲ ಕೈ ಹಾಕಿದರು. ದೊಣ್ಣೆಯವರು ಗೌಡನ ಮುಖ ನೋಡಿದರು. ಗೌಡ ನೆಲ ನೋಡಿದ. ಅಂದು ಗಂಡಿಯ ನೀರು ಅವರ ಕೈಯ ನೆತ್ತರಿನಿಂದ ಕೆಂಪಾಯಿತೆನ್ನುತ್ತಾರೆ. ಅಷ್ಟಾಗಿರಲಾರದು, ಆದರೆ ನಾನು ಅಲ್ಲಗಳೆಯುವುದಿಲ್ಲ. ನಮ್ಮ ಹೊಸಕೋಡಿಯಲ್ಲಿಯೂ ಹೊರಗೇರಿಯಿತ್ತು, ಎಮ್ಮೆಗಳಿದ್ದವು, ಅಂಥದೇ ಬಂಡೆಯಿತ್ತು, ಮೂಡಲಕ್ಕ ಮಾತ್ರ ಇರಲಿಲ್ಲ. ನನ್ನ ಅಜ್ಜಿ ಆ ಬಂಡೆಯ ಮೇಲೆ ಕೂತು ಕೂತೇ ಮುದುಕಿಯಾದಳು.

ಈಗ ಸವತಿಗೆರೆಗೆ ಎಲ್ಲ ಕೇರಿಯವರೂ ಬರುತ್ತಾರೆ. ಸೋಪಾನದ ತುಂಬ ಹುಲ್ಲು ಬೆಳೆದಿದೆ, ಗಂಡಿಯೇ ಎಲ್ಲರ ದಾರಿ. ಮುಂಜಾನೆ ಹೋದರೆ ನೀವೂ ನೋಡಬಹುದು: ಗಂಡಿಯ ಮೇಲೆ ಎಮ್ಮೆಗಳ ಹಿಂಡು ಹಗ್ಗವಿಲ್ಲದೆ, ಬೆತ್ತವಿಲ್ಲದೆ ನಿಂತಿರುತ್ತದೆ, ನೀರಿನ ಕಡೆಗೇ ದಿಟ್ಟಿಸುತ್ತ. ಕೊನೆಯ ಹೆಂಗಸು ಕೊಡ ತುಂಬಿ, ಸೊಂಟಕ್ಕೇರಿಸಿ, ಮೇಲೆ ಬಂದು ಮುಂದಿನ ಎಮ್ಮೆಯ ಬೆನ್ನು ತಟ್ಟುತ್ತಾಳೆ. “ಹೂಂ, ಸವತಿ. ಇನ್ನು ನೀನಿಳಿ.”