ಬೋರಲಿಂಗಪ್ಪ ಮೇಷ್ಟ್ರು ಏಳರಲ್ಲಿ ಮೂರು ಕಳೆದದ್ದು

ನಮ್ಮ ಲೆಕ್ಕದ ಮೇಷ್ಟ್ರು ಬೋರಲಿಂಗಪ್ಪ ಶುದ್ಧ ಪೆದ್ದ. ನಗೋರು ನಗಿ, ಅವರ ಶಿಷ್ಯೆ ನಾನೇ ಹೇಳ್ತಿದ್ದೀನಿ. ಲೆಕ್ಕ ಬರ್ತಿತ್ತು, ಲೋಕ ಬರ್ತಿರಲಿಲ್ಲ. ಅವರಮ್ಮ ಹೊನ್ನಮ್ಮನಿಗೆ ದಿನಾ ಹಣೆ ಚಚ್ಚಿಕೊಳ್ಳೋದೇ ಕೆಲಸ.

ನಾನು ರುಕ್ಕು. ಹುಟ್ಟಿದಾಗಿಂದ ಕಣ್ಣು ಕಾಣಿಸದು. ಇನ್ಸ್‌ಪೆಕ್ಟರು ಬಂದಾಗ ಕಳೆಯೋ ಲೆಕ್ಕ ಹೇಳದಿದ್ದರೆ ಶಾಲೆ ಬಿಡಿಸ್ತೀನಿ ಅಂತ ಅಪ್ಪ ಹೇಳಿಬಿಟ್ಟಿದ್ದರು. ಮೇಷ್ಟ್ರೋ, ಬೋರ್ಡಿನ ಮೇಲೆ ಏಳರಲ್ಲಿ ಮೂರು ಕಳಿ ಅಂತ ಬರೆದು, ನೋಡಿ ಹೇಳು ಅಂದರು. ನಾನು ಗೊಳೋ ಅಂದೆ.

ಸಂಜೆ ಹೊನ್ನಮ್ಮ ಬೈದರು. "ಪೆದ್ದು ಮುಂಡೇದೇ, ಕಾಣದ ಮಗೂಗೆ ಬೋರ್ಡು ತೋರಿಸ್ತಾರೇನೋ? ಕೈಗೆ ಹುಣಸೆಬೀಜ ಕೊಡು, ಬಾಯಲ್ಲಿ ಹೇಳು."

ಆಯ್ತಮ್ಮ ಅಂದರು. ಮಾರನೇ ದಿನ ಬಷೀರನ ಸರದಿ. ಅವನಿಗೆ ಕಿವಿ ಕೇಳಿಸದು. ಮೇಷ್ಟ್ರು ಬೀಜ ಕೊಟ್ಟು, ಗಂಟಲು ಕಟ್ಟೋವರೆಗೂ ಬಾಯಲ್ಲಿ ಹೇಳಿದರು. ಬಷೀರ ಬೀಜ ಜೇಬಿಗೆ ಹಾಕಿಕೊಂಡು ನಕ್ಕನಂತೆ.

ಸಂಜೆ ಮತ್ತೆ ಹೊನ್ನಮ್ಮನ ಬೈಗುಳ. "ಕೇಳಿಸದವನ ಹತ್ರ ಕೂಗ್ತಾರೇನೋ? ತುಟಿ ಬಿಚ್ಚಬೇಡ, ಬೆರಳು ಮಡಚಿ ತೋರಿಸು."

ಆಯ್ತಮ್ಮ ಅಂದರು. ಮಾರನೇ ದಿನ ಮಾರಣ್ಣನ ಸರದಿ. ಅವನು ಕೂತಲ್ಲಿ ಕೂರೋನಲ್ಲ. ಮೇಷ್ಟ್ರು ತುಟಿ ಹೊಲಿದುಕೊಂಡು ಬೆರಳು ಮಡಚೋ ಹೊತ್ತಿಗೆ ಅವನು ಬೇವಿನ ಮರದ ಮೇಲಿದ್ದನಂತೆ.

"ಕೂರದವನನ್ನ ಕೂರಿಸ್ತಾರೇನೋ? ಕೈ ಹಿಡಿದು ಕುಪ್ಪಳಿಸು. ಏಳು ಮುಂದೆ, ಮೂರು ಹಿಂದೆ."

ಆಯ್ತಮ್ಮ ಅಂದರು. ಮಾರನೇ ದಿನ ಇನ್ಸ್‌ಪೆಕ್ಟರು ಬಂದರು. ಅಪ್ಪ ಬಾಗಿಲಲ್ಲೇ ನಿಂತಿದ್ದರು. ಏಳರಲ್ಲಿ ಮೂರು ಹೋದರೆ ಎಷ್ಟು ಅಂತ ಇನ್ಸ್‌ಪೆಕ್ಟರು ಕೇಳಿದರು. ಪಾಪ, ಇವರಿಗೇ ಬರಲ್ಲ ಅಂದುಕೊಂಡರು ಮೇಷ್ಟ್ರು! ಅವರ ಕೈಗೆ ಬೀಜ ಸುರಿದು ಎಣಿಸಿದರು, ತುಟಿ ಮುಚ್ಚಿ ಬೆರಳು ಮಡಚಿದರಂತೆ, ಆಮೇಲೆ ಕೈ ಹಿಡಿದು ಕುಪ್ಪಳಿಸಿಯೇಬಿಟ್ಟರು. ಕಲ್ಲುಚಪ್ಪಡಿ ಮೇಲೆ ಬೂಟು ದಬ್ ದಬ್ ಅಂತ ಏಳು ಸಲ ಮುಂದೆ ಹೋಯಿತು, ಮೂರು ಸಲ ಹಿಂದೆ ಬಂತು. ನಾನು ಎಣಿಸುತ್ತಲೇ ಇದ್ದೆ.

"ನಾಲ್ಕು," ಅಂದೆ.

ಬಷೀರ ನಾಲ್ಕು ಬೆರಳು ಎತ್ತಿದನಂತೆ. ಹಿಂದೆಯೇ ಕುಪ್ಪಳಿಸಿದ ಮಾರಣ್ಣ ನಾಲ್ಕನೇ ಚಪ್ಪಡಿ ಮೇಲೆ ತೆಪ್ಪಗೆ ಕೂತಿದ್ದನಂತೆ. ಇನ್ಸ್‌ಪೆಕ್ಟರು ಏದುಸಿರು ಬಿಡುತ್ತಾ ಮೂವರೂ ಪಾಸು ಅಂದರು. ಅಪ್ಪ ಬಂದು ನನ್ನ ತಲೆ ಸವರಿದರು, ಮತ್ತೆ ಶಾಲೆ ಬಿಡಿಸೋ ಮಾತೆತ್ತಲಿಲ್ಲ.

ಹೊನ್ನಮ್ಮನಿಗೆ ನಗುವೋ ಅಳುವೋ. "ಇನ್ಮೇಲೆ ಎಲ್ಲರಿಗೂ ಹೀಗೇ ಹೇಳಿಕೊಡು, ಮಗನೇ."

ಆಯ್ತಮ್ಮ ಅಂದರು.

ಈಗ ಅದೇ ಶಾಲೆಯಲ್ಲಿ ಲೆಕ್ಕದ ಟೀಚರು ನಾನು. ಮೊನ್ನೆ ಮೇಷ್ಟ್ರು ಮನೆಗೆ ಬಂದಿದ್ದರು. ಎಷ್ಟು ಇಡ್ಲಿ ಹಾಕಲಿ ಸಾರ್ ಅಂದೆ. ನಾಲ್ಕು ಹುಣಸೆಬೀಜ ನನ್ನ ಕೈಗಿಟ್ಟರು, ಬಾಯಲ್ಲೂ ಎಣಿಸಿದರು. ಆಮೇಲೆ ಈ ವಯಸ್ಸಲ್ಲಿ ಎದ್ದು ಏಳು ಸಲ ಮುಂದೆ, ಮೂರು ಸಲ ಹಿಂದೆ ಕುಪ್ಪಳಿಸಿದರು. ಪುಣ್ಯಾತ್ಮ! ಸದ್ದು ಎಲ್ಲಿ ನಿಂತಿತೋ ಅಲ್ಲಿಗೇ ತಟ್ಟೆ ತಗೊಂಡು ಹೋಗಿ ಬಡಿಸಿದೆ.