ಬಿರುಕು ಮುಚ್ಚಿಟ್ಟ ಓಬಳೇಶ

ಹಿರಿಯೂರಿನ ಬಸ್ ನಿಲ್ದಾಣದ ಪಕ್ಕದಲ್ಲಿ ಬಾಡಿಗೆ ಕಾರು, ಆಟೊಗಳು ನಿಲ್ಲುವ ಜಾಗವೊಂದಿತ್ತು. ಅಲ್ಲಿ ಓಬಳೇಶನ ಬಿಳಿ ಕಾರು ಎಲ್ಲಕ್ಕಿಂತ ಮುಂದೆ ನಿಲ್ಲುತ್ತಿತ್ತು. ಅದರ ಮೈಮೇಲೆ ಒಂದೇ ಒಂದು ಗೀರಿಲ್ಲ. ಬಸುರಿ ಹೆಂಗಸನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದರೆ ಮನೆಯವರು, “ಓಬಳೇಶನ ಗಾಡೀನೇ ಆಗ್ಬೇಕು” ಎನ್ನುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಓಬಳೇಶನ ಎದೆ ಉಬ್ಬುತ್ತಿತ್ತು.

ಉಬ್ಬಿದ ಎದೆ ಸುಮ್ಮನಿರುತ್ತದೆಯೇ? ಬೇರೆಯವರ ಗಾಡಿಯಲ್ಲಿ ಹುಳುಕು ಹುಡುಕುವುದು ಅವನಿಗೆ ಚಟವಾಯಿತು. ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವನು ಆಟೊ ಓಡಿಸುವ ಬುಡೇನ್. ಅವನ ಆಟೊದ ಹಿಂದಿನ ದೀಪ ಒಂದು ದಿನ ಉರಿದರೆ ಇನ್ನೊಂದು ದಿನ ಇಲ್ಲ.

“ಲೋ ಬುಡೇನ್, ಜನರ ಜೀವದ ಜೊತೆ ಆಟ ಆಡ್ತಿದೀಯ. ನಿನ್ನಂಥೋರಿಂದ ನಮಗೂ ಕೆಟ್ಟ ಹೆಸರು” ಎಂದು ಓಬಳೇಶ ಎಲ್ಲರೆದುರು ಗದರುತ್ತಿದ್ದ.

ಬುಡೇನ್ ತಲೆ ಕೆರೆದುಕೊಂಡು ನಗುತ್ತಿದ್ದ. “ನೀವು ಹೇಳೋದು ಸರಿ ಓಬಣ್ಣ. ಈ ವಾರ ಸರಿ ಮಾಡಿಸ್ತೀನಿ.”

ಒಂದು ಮಧ್ಯಾಹ್ನ ಹೆದ್ದಾರಿಯಲ್ಲಿ ಓಬಳೇಶನ ಮುಂದೆ ಜಲ್ಲಿ ತುಂಬಿದ ಲಾರಿ ಹೋಗುತ್ತಿತ್ತು. ಅದರಿಂದ ಹಾರಿದ ಕಲ್ಲೊಂದು ಟಪ್ಪೆಂದು ಕಾರಿನ ಮುಂದಿನ ಗಾಜಿಗೆ ಬಡಿಯಿತು. ಇಳಿದು ನೋಡಿದರೆ ಎಡಬದಿಯ ಕೆಳಗೆ ಕಡಲೆಕಾಳಿನಷ್ಟು ಗಾಜು ಒಡೆದು ಮೂಡಿದ ಚುಕ್ಕೆ. ಕಲ್ಲು ಹಾರಿದ್ದು ಅವನ ತಪ್ಪಲ್ಲ. ಆದರೂ ಅವನ ಮುಖ ಬಿಸಿಯಾಯಿತು.

ಗಾಜಿನ ಅಂಗಡಿ ಇದ್ದದ್ದು ಗಾಡಿಗಳು ನಿಲ್ಲುವ ಜಾಗದ ಎದುರಿಗೇ. ಅಲ್ಲಿಗೆ ಕಾರು ಒಯ್ದರೆ ಎಲ್ಲರೂ ಎದ್ದು ಬರುತ್ತಾರೆ. “ಏನ್ ಓಬಣ್ಣ, ನಿಮ್ ಗಾಡಿಗೂ ಏಟು ಬಿತ್ತಾ?” ಎಂದು ಯಾರೋ ಒಬ್ಬ ಕೇಳಿಯೇ ಕೇಳುತ್ತಾನೆ. ಅದನ್ನು ನೆನೆದೇ ಓಬಳೇಶ ಕುಗ್ಗಿದ. ದಾರಿಯಲ್ಲಿ ಅಂಗಡಿಯೊಂದರಲ್ಲಿ ‘ಶುಭ ಪ್ರಯಾಣ’ ಎಂದು ಬರೆದ ಸ್ಟಿಕ್ಕರ್ ಕೊಂಡು ಚುಕ್ಕೆಯ ಮೇಲೆ ಅಂಟಿಸಿದ. ಚುಕ್ಕೆ ಕಾಣದಾಯಿತು. ಕಾಣದ್ದು ಇಲ್ಲವೆಂದೇ ಅವನು ಅಂದುಕೊಂಡ.

ಬೇಸಿಗೆ ಬಂತು. ಒಂದು ದಿನ ಕಾರು ಮಧ್ಯಾಹ್ನದವರೆಗೂ ಬಿಸಿಲಿನಲ್ಲಿ ಕಾದು ಕೆಂಡವಾಗಿತ್ತು. ಓಬಳೇಶ ಧೂಳು ತೊಳೆಯಲೆಂದು ಅದರ ಮೇಲೆ ತಣ್ಣೀರು ಎರಚಿದ. ಸ್ಟಿಕ್ಕರಿನ ಅಡಿಯಿಂದ ಬಿರುಕೊಂದು ಸರ್ರನೆ ಹೊರಟು, ಗಾಜಿನ ಅಡ್ಡಕ್ಕೂ ಹರಿದು, ಚಾಲಕನ ಕಣ್ಣೆದುರಿಗೇ ಬಂದು ನಿಂತಿತು.

ಊರಿನಲ್ಲಿ ಯಾರೂ ನೋಡುವ ಮುನ್ನ ಓಬಳೇಶ ಕಾರನ್ನು ಚಳ್ಳಕೆರೆಗೆ ಓಡಿಸಿದ. ಅಲ್ಲಿ ಅವನ ಗುರುತಿನವರಿರಲಿಲ್ಲ. ಗಾಜಿನ ಅಂಗಡಿಯವರು ಬೆರಳಿನಿಂದ ಬಿರುಕನ್ನು ಸವರಿ ನೋಡಿದರು.

“ಚುಕ್ಕೆ ಇದ್ದಾಗಲೇ ಬಂದಿದ್ರೆ ಅಂಟು ತುಂಬಿಸಿ ಕಳಿಸ್ತಿದ್ದೆ. ಈಗ ಕಣ್ಣಿಗೆ ಅಡ್ಡ ಬಂದಿದೆ, ಅಂಚಿಗೂ ಮುಟ್ಟಿದೆ. ಗಾಜನ್ನೇ ಬದಲಾಯಿಸ್ಬೇಕು. ಗಾಡಿ ಬಿಟ್ಟು ಹೋಗಿ, ನಾಳೆ ಹಾಕಿಕೊಡ್ತೀನಿ.”

“ನಾಳೆ ಮದುವೆ ಬಾಡಿಗೆ ಒಪ್ಪಿಕೊಂಡಿದೀನಿ. ಇವತ್ತಿಗೆ ಅಂಟೇ ಹಾಕಿಬಿಡಿ.”

“ಹಾಕಿದ್ರೆ ನಿಮಗೆ ಮೋಸ ಮಾಡಿದ ಹಾಗೆ. ಈ ಗಾಡೀಲಿ ಬಿಸಿಲಿಗೆ ಎದುರಾಗಿ ಮಾತ್ರ ಹೋಗಬೇಡಿ.”

ಬಾಡಿಗೆಗೆ ಬೇರೆಯವರನ್ನು ಕಳಿಸಬಹುದಿತ್ತು. ಆದರೆ ಏಕೆಂದು ಅವರು ಕೇಳಿದರೆ? ‘ಗೊತ್ತಿರೋ ದಾರಿ, ಒಂದು ದಿನ ತಾನೆ’ ಎಂದುಕೊಂಡು ಓಬಳೇಶ ಕಾರಿನ ಸಮೇತ ಮರಳಿದ.

ಮರುದಿನ ಬೆಳಗ್ಗೆ ಮದುಮಗಳ ಮನೆಗೆ ಒಬ್ಬನೇ ಹೊರಟ. ರಸ್ತೆ ಮೂಡಣಕ್ಕೆ ತಿರುಗಿತು. ಎದುರಿಗೆ ಆಗಷ್ಟೇ ಹುಟ್ಟಿದ ಸೂರ್ಯ. ಬೆಳಕು ಬಿರುಕಿಗೆ ಬಿದ್ದದ್ದೇ ತಡ, ಗಾಜಿನ ತುಂಬ ಬೆಂಕಿ ಹೊತ್ತಿದಂತೆ ಝಗ್ಗೆಂದಿತು. ಓಬಳೇಶನಿಗೆ ರಸ್ತೆ ಕಾಣಲಿಲ್ಲ. ಆಗಲೇ ನಿಲ್ಲಿಸಬೇಕಿತ್ತು. ಮುಂದಿನ ತಿರುವು ದಾಟಿದರೆ ಸರಿಹೋಗುತ್ತದೆಂದು ಕಣ್ಣು ಕಿರಿದು ಮಾಡಿ ಹಾಗೇ ಮುಂದುವರಿದ.

ದಢಾರೆಂದು ಸದ್ದಾಯಿತು.

ರಸ್ತೆಯ ಅಂಚಿನಲ್ಲಿ ಪಂಕ್ಚರ್ ಆದ ಆಟೊವೊಂದು ನಿಂತಿತ್ತು. ಅದರ ಪಕ್ಕ ಕೂತು ಚಕ್ರ ಬಿಚ್ಚುತ್ತಿದ್ದವನು ಬುಡೇನ್. ಕಾರು ಗುದ್ದಿದ ರಭಸಕ್ಕೆ ಆಟೊ ಮಗುಚಿ ಅವನ ಕಾಲಿನ ಮೇಲೆ ಬಿದ್ದಿತ್ತು.

ಓಬಳೇಶ ಕೂಗಿಕೊಂಡ. ಹೊಲದಲ್ಲಿದ್ದವರು ಓಡಿ ಬಂದು ಆಟೊ ಎತ್ತಿದರು. ಕಾರಿನ ಮುಂಗಾಜು ಪೂರ್ತಿ ಬಿರಿದು ಜೇಡರ ಬಲೆಯಂತಾಗಿತ್ತು. ಹಳೆಯ ಬಿರುಕು ಯಾವುದು, ಹೊಸದು ಯಾವುದು ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ.

ಸೇರಿದ ಜನ ತಾವೇ ತೀರ್ಪು ಕೊಟ್ಟರು. “ಓಬಳೇಶ ಗುದ್ದೋ ಆಸಾಮಿಯಲ್ಲ. ಈ ಆಟೊದ ದೀಪ ಯಾವತ್ತು ಉರಿದಿದೆ ಹೇಳಿ!”

ನೆಲದ ಮೇಲೆ ನರಳುತ್ತಿದ್ದ ಬುಡೇನ್ ಕೂಡ ಹೇಳಿದ: “ನಂದೇ ತಪ್ಪಿರ್ಬೇಕು. ಓಬಣ್ಣ ಎಷ್ಟೋ ಸಲ ಹೇಳಿದ್ರು, ನಾನೇ ಕೇಳಲಿಲ್ಲ.”

ಓಬಳೇಶ ಅದನ್ನು ಅಲ್ಲಗಳೆಯಲಿಲ್ಲ. ಪೊಲೀಸರು ಕೇಳಿದಾಗಲೂ, “ಬಿಸಿಲಿತ್ತು, ಆಟೊ ಕಾಣಲಿಲ್ಲ” ಎಂದಷ್ಟೇ ಹೇಳಿದ. ಅದು ಸುಳ್ಳಾಗಿರಲಿಲ್ಲ. ನಿಜವೂ ಆಗಿರಲಿಲ್ಲ.

ಬುಡೇನನ ಕಾಲು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯಿಂದ ಅವನನ್ನು ಮನೆಗೆ ಕಳಿಸಿದ ಮೇಲೆ ಓಬಳೇಶ ನೋಡಲು ಹೋದ. ಅಂಗಳಕ್ಕೆ ಕಾಲಿಡುತ್ತಿದ್ದಂತೆ ಒಳಗಿನಿಂದ ಬುಡೇನನ ಹೆಂಡತಿ ಜೈತೂನ್‌ಬಿಯ ದನಿ ಕೇಳಿಸಿತು.

“ಆ ದೀಪ ಒಂದು ಸರಿ ಮಾಡಿಸಿದ್ರೆ ಇದೆಲ್ಲ ಆಗ್ತಿತ್ತಾ? ಒಳ್ಳೇ ಮನುಷ್ಯನ ಗಾಡೀನೂ ಹಾಳು ಮಾಡಿದ್ರಿ. ನಾಲ್ಕು ಜನರ ಮುಂದೆ ತಲೆ ಎತ್ತೋ ಹಾಗಿಲ್ಲ ನನಗೆ.”

ಓಬಳೇಶನನ್ನು ಕಂಡದ್ದೇ ಜೈತೂನ್‌ಬಿ ಸೆರಗು ತಲೆಗೆಳೆದುಕೊಂಡು ಕುರ್ಚಿ ಹಾಕಿದಳು. “ಬನ್ನಿ ಅಣ್ಣಾ. ಇಷ್ಟಾದ್ರೂ ನೋಡೋಕೆ ಬಂದ್ರಲ್ಲ, ನಿಮ್ಮ ಮನಸ್ಸು ದೊಡ್ಡದು” ಎಂದು, ನೆಂಟರಿಗೆಂದು ಎತ್ತಿಟ್ಟಿದ್ದ ಹೂವಿನ ಚಿತ್ರವಿದ್ದ ಬಟ್ಟಲಿನಲ್ಲಿ ಚಹಾ ತಂದುಕೊಟ್ಟು, ಬಟ್ಟೆ ಒಗೆಯಲು ಹೊರಗೆ ಹೋದಳು.

ಓಬಳೇಶನಿಗೆ ಆ ಬಟ್ಟಲನ್ನು ತುಟಿಗೆ ತರಲಾಗಲಿಲ್ಲ. ಅದನ್ನು ನೆಲದ ಮೇಲಿಟ್ಟ. ಭೂಮಿ ಬಾಯಿಬಿಟ್ಟರೆ ಇಳಿದುಹೋಗೋಣ ಎನ್ನಿಸಿತು.

“ಬುಡೇನ್, ನಿನ್ನ ದೀಪದಿಂದ ಏನೂ ಆಗಲಿಲ್ಲ ಕಣೋ” ಎಂದ ತಲೆ ತಗ್ಗಿಸಿ. “ಹಗಲು ಹೊತ್ತು. ಕಣ್ಣಿದ್ದೋನಿಗೆ ನೀನು ದೂರದಿಂದಲೇ ಕಾಣ್ತಿದ್ದೆ. ನನ್ನ ಗಾಜು ಮೊದಲೇ ಒಡೆದಿತ್ತು. ಬದಲಾಯಿಸು ಅಂತ ಹೇಳಿದ್ರೂ ಬದಲಾಯಿಸಲಿಲ್ಲ. ನೀವೆಲ್ಲ ನಗ್ತೀರಿ ಅಂತ ಸ್ಟಿಕ್ಕರ್ ಹಚ್ಚಿ ಮುಚ್ಚಿಟ್ಟೆ.”

ಬುಡೇನ್ ಅವನತ್ತ ತಿರುಗಿದ. ಯಾವಾಗಲೂ ನಗುವ ಮುಖದಲ್ಲಿ ಈಗ ನಗುವಿರಲಿಲ್ಲ.

“ಕಾಲು ಮುರೀತು, ಅದು ಕೂಡುತ್ತೆ ಓಬಣ್ಣ. ಆದ್ರೆ ಅವತ್ತಿಂದ ನನ್ನನ್ನ ನಾನೇ ಬೈಕೊಂಡು ಮಲಗಿದೀನಿ. ನನ್ನ ಹೆಂಡತಿ ನನ್ನ ಮುಖ ಕಂಡ್ರೆ ಸಿಡುಕ್ತಾಳೆ. ನೀವು ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ?”

“ತಪ್ಪಾಯ್ತು.”

“ನನಗೆ ಹೇಳಿ ಏನು? ಹೊರಗಿದ್ದಾಳೆ, ಅವಳಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ. ಓಬಣ್ಣ ಅಂಥೋರಲ್ಲ ಅಂತಾಳೆ.”

ಆ ಮಾತು ಓಬಳೇಶನ ಕೆನ್ನೆಗೆ ಬಾರಿಸಿದಂತಿತ್ತು. ಎದ್ದು ಹೊರಗೆ ಬಂದ. ಒಗೆಯುವ ಕಲ್ಲಿನ ಬಳಿ ನಿಂತು ಎಲ್ಲವನ್ನೂ ಹೇಳಿದ. ಮಾತು ನಡುವೆ ತಡವರಿಸಿತು, ಆದರೆ ಈ ಸಲ ಯಾವುದನ್ನೂ ಉಳಿಸಿಕೊಳ್ಳಲಿಲ್ಲ.

ಜೈತೂನ್‌ಬಿ ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವಳು ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು, ಅವನ ಕಡೆ ನೋಡದೆ ಒಳಗೆ ಓಡಿದಳು.

“ಏನೇನೋ ಅಂದ್ಬಿಟ್ಟೆ ನಿಮಗೆ… ಕಾಲು ಮುರಿದು ಮಲಗಿದೋರಿಗೆ ಏನೇನೋ ಅಂದ್ಬಿಟ್ಟೆ. ತಪ್ಪಾಯ್ತು, ನಂದು ತಪ್ಪಾಯ್ತು” ಎಂದು ಅವಳು ಗಂಡನ ಮುಂದೆ ಅಳುವುದು ಅಂಗಳಕ್ಕೆ ಕೇಳಿಸಿತು.

ತನ್ನದಲ್ಲದ ತಪ್ಪಿಗೆ ಅವಳು ಕ್ಷಮೆ ಬೇಡುತ್ತಿದ್ದಳು. ತಪ್ಪು ಮಾಡಿದವನು ಬಾಗಿಲಾಚೆ ಬಿಸಿಲಲ್ಲಿ ನಿಂತು ಕೇಳುತ್ತಿದ್ದ. ತನ್ನ ಬಾಳಿನಲ್ಲಿ ಅಷ್ಟು ನಾಚಿಕೆಯನ್ನು ಓಬಳೇಶ ಎಂದೂ ಕಂಡಿರಲಿಲ್ಲ. ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಕರೆಯಲಿ ಎಂದು ಅವನೂ ಬಯಸಲಿಲ್ಲ.

ಅಲ್ಲಿಂದ ನೇರ ಠಾಣೆಗೆ ಹೋಗಿ ನಡೆದದ್ದನ್ನು ನಡೆದಂತೆ ಹೇಳಿದ. ಆಮೇಲೆ ಗಾಡಿಗಳು ನಿಲ್ಲುವ ಜಾಗಕ್ಕೆ ಬಂದು, ಬುಡೇನನನ್ನು ಗದರುತ್ತಿದ್ದ ಅದೇ ಗಟ್ಟಿ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ. ಅವನು ಅಂಜಿದಂತೆ ಯಾರೂ ನಗಲಿಲ್ಲ. ಎಲ್ಲರೂ ಬೇರೆಡೆ ಮುಖ ತಿರುಗಿಸಿದರು.

ಕಾರಿಗೆ ಹೊಸ ಗಾಜು ಬಂತು. ಬುಡೇನನ ಕಾಲೂ ಕಾಲಕ್ರಮೇಣ ಕೂಡಿತು. ಆದರೆ ಬಸುರಿಯರ ಮನೆಯವರು ಓಬಳೇಶನ ಕಾರನ್ನು ಮತ್ತೆ ಕೇಳಿಕೊಂಡು ಬರಲು ಬಹಳ ಕಾಲ ಹಿಡಿಯಿತು. ಅದಕ್ಕೆ ಅವನು ಯಾರನ್ನೂ ದೂರಲಿಲ್ಲ.

ನೀತಿ: ಗಾಜಿನ ಮೇಲಿನ ಚುಕ್ಕೆಯನ್ನು ಚಿಕ್ಕದಿರುವಾಗಲೇ ತುಂಬಿಸಬೇಕು, ಬಿರುಕು ಕಣ್ಣಿಗೆ ಅಡ್ಡ ಬಂದರೆ ತೇಪೆ ಹಾಕದೆ ಗಾಜನ್ನೇ ಬದಲಿಸಬೇಕು. ತಪ್ಪನ್ನೂ ಚಿಕ್ಕದಿರುವಾಗಲೇ ಒಪ್ಪಿಕೊಳ್ಳಿ. ನಗುವವರಿಗೆ ಅಂಜಿ ನಾವು ಮುಚ್ಚಿಟ್ಟ ತಪ್ಪಿನ ಶಿಕ್ಷೆಯನ್ನು ಅನುಭವಿಸುವವರು ಬೇರೆ ಯಾರೋ ಆಗಿರುತ್ತಾರೆ.